ವಾಲೆಟ್‌ನಿಂದ ಲಾಗಿನ್: ಮೂರು ವರ್ಷ ಬಳಸಿದವನ ಅಭಿಪ್ರಾಯ

ಮೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇಥೀರಿಯಂ ಎಂಬ ಬ್ಲಾಕ್‌ಚೈನ್‌ನ (ಯಾರು ಬೇಕಾದರೂ ನೋಡಬಹುದಾದ ವಹಿವಾಟಿನ ಲೆಕ್ಕಪುಸ್ತಕ) ವಿಕೇಂದ್ರೀಕೃತ ಆ್ಯಪ್‌ಗಳಿಗೆ ನಾನು ಮೆಟಾಮಾಸ್ಕ್ ವಾಲೆಟ್‌ನಿಂದಲೇ (ಕ್ರಿಪ್ಟೊ ಖಾತೆಯ ರಹಸ್ಯ ಕೀಗಳನ್ನು ಕಾಯುವ ಬ್ರೌಸರ್ ತಂತ್ರಾಂಶ) ಲಾಗಿನ್ ಆಗುತ್ತಿದ್ದೇನೆ. ಸ್ನ್ಯಾಪ್‌ಶಾಟ್ ಎಂಬ ಮತದಾನದ ತಾಣದಲ್ಲಿ ಮತ ಹಾಕುವುದು, ಇಎನ್‌ಎಸ್ ಹೆಸರಿನ (ಉದ್ದನೆಯ ವಾಲೆಟ್ ವಿಳಾಸದ ಬದಲು ಬಳಸುವ ಸುಲಭ ಹೆಸರು) ಅವಧಿ ವಿಸ್ತರಿಸುವುದು, ಆಗೊಮ್ಮೆ ಈಗೊಮ್ಮೆ ಯುನಿಸ್ವಾಪ್ ಎಂಬ ವಿನಿಮಯ ತಾಣದಲ್ಲಿ ಟೋಕನ್ (ಕ್ರಿಪ್ಟೊ ನಾಣ್ಯ) ಬದಲಿಸಿಕೊಳ್ಳುವುದು, ನನ್ನ ಬಳಕೆ ಇಷ್ಟೇ. ಕ್ರಿಪ್ಟೊದಲ್ಲಿ ಹಣ ಹೂಡಬೇಕೇ ಬೇಡವೇ ಎಂಬುದು ಇಲ್ಲಿನ ವಿಷಯವಲ್ಲ. ಲಾಗಿನ್ ಎಂಬ ಒಂದೇ ಕ್ರಿಯೆಯಲ್ಲಿ ಎಲ್ಲಿ ನೆಮ್ಮದಿಯಿದೆ, ಎಲ್ಲಿ ಎಡವುತ್ತೇವೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

ಈ ವ್ಯವಸ್ಥೆಯಲ್ಲಿ ತಾಣಕ್ಕೆ ನಮ್ಮ ಪಾಸ್‌ವರ್ಡ್ ಹೋಗುವುದೇ ಇಲ್ಲ. ಮೆಟಾಮಾಸ್ಕ್ ತೆರೆಯುವಾಗ ಹಾಕುವ ಪಾಸ್‌ವರ್ಡ್, ನಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿಟ್ಟಿರುವ ಕೀಗಳನ್ನು ಬಿಚ್ಚುವುದಕ್ಕೆ ಮಾತ್ರ. ತಾಣವು ಒಂದು ಸಂದೇಶ ಕಳಿಸುತ್ತದೆ, ವಾಲೆಟ್ ಅದಕ್ಕೆ ಖಾಸಗಿ ಕೀಯಿಂದ ಸಹಿ ಹಾಕುತ್ತದೆ, ಆ ಸಹಿಯನ್ನು ಪರಿಶೀಲಿಸಿ ತಾಣವು ವಾಲೆಟ್ ವಿಳಾಸ (ಖಾತೆ ಸಂಖ್ಯೆಯಂಥದ್ದು) ನಮ್ಮದೇ ಎಂದು ಖಚಿತಪಡಿಸಿಕೊಳ್ಳುತ್ತದೆ. ತಾಣದ ಡೇಟಾಬೇಸ್ ಸೋರಿಹೋದರೂ ಕದಿಯಲು ಅಲ್ಲಿ ಪಾಸ್‌ವರ್ಡ್ ಇರುವುದಿಲ್ಲ ಎಂಬುದು ನಿಜವಾದ ಲಾಭ. ಆದರೆ 'ಕನೆಕ್ಟ್' ಒತ್ತಿದ ಕೂಡಲೇ ನಮ್ಮ ವಿಳಾಸ ತಾಣಕ್ಕೆ ತಿಳಿಯುತ್ತದೆ. ವಿಳಾಸ ತಿಳಿದರೆ ಅದರಲ್ಲಿರುವ ಮೊತ್ತವೂ ಹಳೆಯ ವಹಿವಾಟುಗಳೂ ತಿಳಿದಂತೆಯೇ. ಹೆಸರು ಕೇಳಿದವರ ಮುಂದೆ ಪಾಸ್‌ಬುಕ್ ಬಿಚ್ಚಿಟ್ಟಂತಾಗುತ್ತದೆ ಎಂಬುದು ಮೊದಲ ವರ್ಷ ನನಗೆ ಹೊಳೆದೇ ಇರಲಿಲ್ಲ.

ಲಾಗಿನ್ ಸಂದೇಶ ಹೇಗಿರಬೇಕೆಂಬುದಕ್ಕೆ 2021ರಲ್ಲಿ ಇಐಪಿ-4361 ಎಂಬ ಮಾನದಂಡ ಬಂದಿದೆ. ಇದನ್ನು ಪಾಲಿಸುವ ತಾಣದಲ್ಲಿ ಸಹಿಯ ಪೆಟ್ಟಿಗೆಯ ಮೊದಲ ಸಾಲಿನಲ್ಲೇ ಯಾವ ಡೊಮೈನ್ (ತಾಣದ ಹೆಸರು) ಲಾಗಿನ್ ಕೇಳುತ್ತಿದೆ ಎಂದಿರುತ್ತದೆ. ಅದರ ಕೆಳಗೆ ನಮ್ಮ ವಿಳಾಸ, ಜಾಲದ ಸಂಖ್ಯೆ (ಇಥೀರಿಯಂನ ಮುಖ್ಯ ಜಾಲಕ್ಕೆ 1), ನಾನ್ಸ್ ಎಂಬ ಒಮ್ಮೆ ಮಾತ್ರ ಬಳಸುವ ಅಕ್ಷರಗುಚ್ಛ ಮತ್ತು ಸಂದೇಶ ಹೊರಟ ಸಮಯ ಇರುತ್ತವೆ. ನಾನ್ಸ್ ಇರುವುದರಿಂದ ನಿನ್ನೆಯ ಸಹಿಯನ್ನು ಯಾರಾದರೂ ಎತ್ತಿಕೊಂಡು ಇಂದು ಮತ್ತೆ ಬಳಸಲು ಬರುವುದಿಲ್ಲ. ಸಂದೇಶದಲ್ಲಿರುವ ಡೊಮೈನಿಗೂ ಸಹಿ ಕೇಳುತ್ತಿರುವ ತಾಣಕ್ಕೂ ತಾಳೆಯಾಗದಿದ್ದರೆ ಮೆಟಾಮಾಸ್ಕ್ ಎಚ್ಚರಿಸುತ್ತದೆ. ನನ್ನ ಮಟ್ಟಿಗೆ ಇದರ ಅತ್ಯುತ್ತಮ ಗುಣವೇ ಇದು. ಏನನ್ನೂ ವಿವರಿಸದೆ ಒಂದೇ ಸಾಲಿನ ಸ್ವಾಗತಕ್ಕೆ ಸಹಿ ಕೇಳುವ ತಾಣಗಳೂ ಇವೆ, ಅಂಥವುಗಳಿಂದ ನಾನು ಹಿಂದೆ ಸರಿಯುತ್ತೇನೆ.

ಇಷ್ಟೆಲ್ಲ ತಿಳಿದಿದ್ದೂ ಒಮ್ಮೆ ಮೋಸಹೋದೆ. ಹುಡುಕಾಟದ ಫಲಿತಾಂಶಗಳ ಮೇಲ್ಗಡೆ ಬಂದ ಜಾಹೀರಾತನ್ನು ಒತ್ತಿ ಒಂದು ತಾಣಕ್ಕೆ ಹೋದೆ. ಹೆಸರಿನಲ್ಲಿ ಒಂದಕ್ಷರ ಹಿಂದುಮುಂದಾಗಿದ್ದನ್ನು ಗಮನಿಸಲಿಲ್ಲ. ಕನೆಕ್ಟ್ ಮಾಡಿದ ಮೇಲೆ ಎಂದಿನಂತೆ ಸಹಿಯ ಕೋರಿಕೆ ಬಂತು, ಗ್ಯಾಸ್ ಶುಲ್ಕವೂ (ಬ್ಲಾಕ್‌ಚೈನ್ ವಹಿವಾಟಿಗೆ ತೆರುವ ಶುಲ್ಕ) ಇರಲಿಲ್ಲ, ಹಾಗಾಗಿ ಲಾಗಿನ್ನೇ ಇರಬೇಕೆಂದು ಒತ್ತಿಬಿಟ್ಟೆ. ಆಮೇಲೆ ಅರ್ಥವಾಯಿತು, ಅದು ಲಾಗಿನ್ ಸಂದೇಶವಲ್ಲ, 'ಪರ್ಮಿಟ್' ಎಂಬ ಅನುಮತಿಪತ್ರ: ನನ್ನ ಯುಎಸ್‌ಡಿಸಿಯನ್ನು (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಖರ್ಚು ಮಾಡುವ ಹಕ್ಕನ್ನು ಯಾವುದೋ ವಿಳಾಸಕ್ಕೆ ಬರೆದುಕೊಟ್ಟಿದ್ದೆ. ಮೊತ್ತದ ಜಾಗದಲ್ಲಿ 115792 ಎಂದು ಶುರುವಾಗಿ 78 ಅಂಕಿಗಳವರೆಗೆ ಓಡುವ ಸಂಖ್ಯೆಯಿತ್ತು. ಮಿತಿಯೇ ಇಲ್ಲ ಎಂಬುದನ್ನು ಬ್ಲಾಕ್‌ಚೈನ್ ಹೀಗೆ ಬರೆಯುತ್ತದೆ. ಖಾತೆಯಲ್ಲಿದ್ದ 40 ಯುಎಸ್‌ಡಿಸಿ ಹೋಯಿತು. ವಿಚಿತ್ರವೆಂದರೆ ನಾನು ಕಳಿಸಿದ ವಹಿವಾಟುಗಳ ಪಟ್ಟಿಯಲ್ಲಿ ಏನೂ ಇರಲಿಲ್ಲ, ಏಕೆಂದರೆ ಶುಲ್ಕ ಕಟ್ಟಿ ವಹಿವಾಟು ನಡೆಸಿದವರು ಕಳ್ಳರೇ. ಇಥೀರಿಯಂ ವಹಿವಾಟುಗಳನ್ನು ತೋರಿಸುವ ಈಥರ್‌ಸ್ಕ್ಯಾನ್ ತಾಣದ ಟೋಕನ್ ವರ್ಗಾವಣೆಯ ವಿಭಾಗದಲ್ಲಿ ಮಾತ್ರ ಗೆರೆಯೊಂದು ಕಂಡಿತು. ವಾಲೆಟ್‌ನದೇನೂ ತಪ್ಪಿಲ್ಲ, ಪೆಟ್ಟಿಗೆಯಲ್ಲಿ ಎಲ್ಲವೂ ಬರೆದಿತ್ತು, ಓದದವನು ನಾನು.

ಗಾಬರಿಯಲ್ಲಿ ಮೊದಲು ಮಾಡಿದ್ದು ವಾಲೆಟ್‌ನಿಂದ ಆ ತಾಣವನ್ನು 'ಡಿಸ್‌ಕನೆಕ್ಟ್' ಮಾಡಿದ್ದು, ಅದರಿಂದ ಮೂರು ಕಾಸಿನ ಪ್ರಯೋಜನವೂ ಆಗಲಿಲ್ಲ. ಕನೆಕ್ಟ್ ಆಗಿರುವುದು ಬ್ರೌಸರಿನ ಸಂಗತಿ, ಅನುಮತಿ ಇರುವುದು ಬ್ಲಾಕ್‌ಚೈನ್‌ನಲ್ಲಿ. ರಿವೋಕ್‌.ಕ್ಯಾಶ್ ತಾಣದಲ್ಲಿ ಗ್ಯಾಸ್ ತೆತ್ತು ಅನುಮತಿ ರದ್ದುಮಾಡಿದ ಮೇಲಷ್ಟೇ ಬಾಗಿಲು ಮುಚ್ಚಿತು.

ಅಂದಿನಿಂದ ಲಾಗಿನ್‌ಗೆ ಒಂದು, ಉಳಿತಾಯಕ್ಕೆ ಇನ್ನೊಂದು ಖಾತೆ. ಲಾಗಿನ್ ಖಾತೆಯಲ್ಲಿ ಶುಲ್ಕಕ್ಕೆ ಬೇಕಾದಷ್ಟು ಈಥರ್ (ಇಥೀರಿಯಂನ ನಾಣ್ಯ) ಬಿಟ್ಟರೆ ಏನೂ ಇಲ್ಲ. ಉಳಿತಾಯದ್ದು ಹಾರ್ಡ್‌ವೇರ್ ವಾಲೆಟ್‌ನಲ್ಲಿದೆ (ಕೀಗಳನ್ನು ಪ್ರತ್ಯೇಕವಾಗಿ ಇಡುವ ಪುಟ್ಟ ಸಾಧನ), ಖಾತೆಯನ್ನು ಮರಳಿ ಪಡೆಯುವ ಅದರ 24 ಗುಪ್ತ ಪದಗಳೇ ಬೇರೆ, ಮೆಟಾಮಾಸ್ಕ್‌ನ 12 ಪದಗಳೇ ಬೇರೆ. ಒಂದೇ ಪದಗುಚ್ಛದಿಂದ ಹುಟ್ಟಿದ ಎರಡು ಖಾತೆಗಳಾಗಿದ್ದರೆ ಆ ಪದಗಳು ಸೋರಿದ ದಿನ ಎರಡೂ ಖಾಲಿ. ಹಾರ್ಡ್‌ವೇರ್ ವಾಲೆಟ್ ಇದ್ದರೆ ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಕೀಯನ್ನು ಕಾಯುತ್ತದೆ, ನಮ್ಮ ಆತುರವನ್ನಲ್ಲ. ಆ ಪುಟ್ಟ ಪರದೆಯಲ್ಲಿ ಕೆಲವೊಮ್ಮೆ ಅರ್ಥವಾಗದ ಅಕ್ಷರಗಳ ಸಾಲು ಮಾತ್ರ ಕಾಣುತ್ತದೆ, ಆಗ ಹಾಕುವುದು ಕುರುಡು ಸಹಿಯೇ.

ಡೊಮೈನ್ ಸರಿಯಿದ್ದರೆ ಸಾಕೆಂಬ ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ. 2021ರ ಡಿಸೆಂಬರಿನಲ್ಲಿ ಬ್ಯಾಡ್ಜರ್‌ಡಾವ್ ಎಂಬ ಕ್ರಿಪ್ಟೊ ಸೇವೆಯ ಅಸಲಿ ತಾಣದೊಳಗೇ ದುಷ್ಟ ಕೋಡ್ ಸೇರಿ, ಬಳಕೆದಾರರಿಂದ ಅನುಮತಿಗಳನ್ನು ಪಡೆದು ಸುಮಾರು 12 ಕೋಟಿ ಡಾಲರ್ ದೋಚಲಾಯಿತು. 2023ರ ಡಿಸೆಂಬರ್ 14ರಂದು, ಹಲವು ಆ್ಯಪ್‌ಗಳು ವಾಲೆಟ್ ಜೋಡಿಸಲು ಬಳಸುತ್ತಿದ್ದ ಲೆಡ್ಜರ್ ಕನೆಕ್ಟ್ ಕಿಟ್ ಎಂಬ ತಂತ್ರಾಂಶದಲ್ಲೇ ಕಳ್ಳ ಕೋಡ್ ಬಂದಿತ್ತು. ಎರಡೂ ಕಡೆ ಬ್ರೌಸರಿನ ವಿಳಾಸಪಟ್ಟಿಯಲ್ಲಿದ್ದ ತಾಣದ ಹೆಸರು ಸರಿಯಾಗಿಯೇ ಇತ್ತು. ಲಾಗಿನ್ ಮಾಡಲು ಹೋದಲ್ಲಿ ಸ್ಪೆಂಡರ್, ಅಪ್ರೂವ್, ಪರ್ಮಿಟ್ ಎಂಬ ಪದ ಕಂಡರೆ ತಾಣ ಯಾವುದೇ ಇರಲಿ, ನಾನು ಕಿಟಕಿ ಮುಚ್ಚುತ್ತೇನೆ. 12 ಪದಗಳನ್ನು ಕೇಳುವ ತಾಣವಂತೂ ಕಳ್ಳರದೇ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಅಂಕಗಳಲ್ಲಿ ಅರ್ಧ ಭಾಷೆಯ ಲೆಕ್ಕಕ್ಕೆ: ಲಾಗಿನ್ ಸಂದೇಶದಲ್ಲಿ ತಾಣವು ತನ್ನ ಮಾತು ಬರೆಯಲು ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮಾತ್ರ ಮಾನದಂಡದ ಒಪ್ಪಿಗೆಯಿದೆ, ಕನ್ನಡಕ್ಕೆ ಅಲ್ಲಿ ಎಡೆಯೇ ಇಲ್ಲ. ಊರಿನಲ್ಲಿರುವ ಚಿಕ್ಕಪ್ಪನ ಮಗ ವಾಲೆಟ್ ಹಾಕಿಕೊಂಡಾಗ, ಸ್ಪೆಂಡರ್ ಎಂದರೆ ದುಡ್ಡು ಎತ್ತಿಕೊಳ್ಳುವವನು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಅದನ್ನು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿಕೊಂಡಿದ್ದಾನೆ.