ಬಟ್ಟೆ ಒಣಹಾಕುವ ಹಗ್ಗಕ್ಕೆ ಐನೂರು ವರ್ಷ ನೇತುಹಾಕಿದೆವು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ತಾರಸಿಯಲ್ಲಿ ಸಂಜೆ ಟ್ಯೂಷನ್ ಮಾಡುತ್ತೇನೆ. ಏಳನೇ, ಎಂಟನೇ ಕ್ಲಾಸಿನ ಒಂಬತ್ತು ಮಕ್ಕಳು. ಅವರಿಗೋಸ್ಕರ ಗಾಂಧಿಬಜಾರಿನ ಒಂದು ಅಂಗಡಿಯಲ್ಲಿ ಈ ಇತಿಹಾಸದ ಕಾರ್ಡುಗಳ ಡಬ್ಬಿ ತಂದೆ. 450 ರೂಪಾಯಿ, 48 ಕಾರ್ಡು. ಯುರೋಪಿನ ಮಧ್ಯಯುಗ ಮತ್ತು ಪುನರುಜ್ಜೀವನ ಕಾಲದವರು. ಮುಂದೆ ಚಿತ್ರ, ಹಿಂದೆ ಕನ್ನಡದಲ್ಲಿ ನಾಲ್ಕು ಸಾಲು.

ಕಾರ್ಡು ಗಟ್ಟಿಯಾಗಿದೆ, ಬರಹವೂ ಚೆನ್ನಾಗಿದೆ. ಮೋನಾಲಿಸಾ ಚಿತ್ರ ಬರೆದದ್ದು ಬಟ್ಟೆಯ ಮೇಲಲ್ಲ, ಪಾಪ್ಲರ್ ಮರದ ಹಲಗೆಯ ಮೇಲೆ. ಅದನ್ನು ಬರೆದ ಲಿಯೊನಾರ್ಡೊ ತನ್ನ ಟಿಪ್ಪಣಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದ. ಇದನ್ನು ಓದಿದ್ದೇ ತಡ, ಮಕ್ಕಳೆಲ್ಲ ತಮ್ಮ ಹೆಸರು ತಿರುಗಿಸಿ ಬರೆದು ಕನ್ನಡಿಗೆ ಹಿಡಿದರು.

ಗುಟೆನ್‌ಬರ್ಗ್ ಕಾರ್ಡು ಮಾತ್ರ ಬೇಸರ ತಂದಿತು. ‘ಚಲಿಸುವ ಅಕ್ಷರಗಳ ಮುದ್ರಣ’ ಎಂದು ಬರೆದಿದ್ದಾರೆ. ಮಕ್ಕಳಿಗೆ ಏನು ಅರ್ಥವಾಗಬೇಕು? ಒಬ್ಬ ಹುಡುಗನ ತಾತ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮಾರನೇ ದಿನ ಅವನು ಸೀಸದ ನಾಲ್ಕು ಅಚ್ಚಿನ ಮೊಳೆ ತಂದು ತೋರಿಸಿದ. ಒಂದೊಂದು ಅಕ್ಷರಕ್ಕೆ ಒಂದೊಂದು ಮೊಳೆ, ಜೋಡಿಸಿ ಅಚ್ಚು ಹಾಕುವುದು, ಬಿಚ್ಚಿ ಮತ್ತೆ ಜೋಡಿಸುವುದು. 1455ರ ಹೊತ್ತಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚಾದದ್ದು ಹೀಗೆ. ಇಷ್ಟು ಒಳ್ಳೆಯ ಮಾತು ನಮ್ಮಲ್ಲೇ ಇದೆ, ಅಲ್ವಾ?

ಇನ್ನೊಂದು ತಪ್ಪು ದೊಡ್ಡದು. ಫ್ರಾನ್ಸಿನ ಪರ ಯುದ್ಧಕ್ಕಿಳಿದ ಹುಡುಗಿ ಜೋನ್ ಆಫ್ ಆರ್ಕ್‌ಳನ್ನು ಸುಟ್ಟದ್ದು 1431ರಲ್ಲಿ. ಕಾರ್ಡಿನಲ್ಲಿ 1341 ಎಂದಿದೆ. “ಮಿಸ್, ಹುಟ್ಟಿದ್ದು 1412 ಅಂತ ಇದೆ, ಅದಕ್ಕೂ ಮೊದಲೇ ಹೇಗೆ ಸತ್ತಳು?” ಎಂದು ಕೇಳಿದವಳು ಏಳನೇ ಕ್ಲಾಸಿನ ಹುಡುಗಿ. ಡಬ್ಬಿಯ ಮೇಲಿನ ನಂಬರಿಗೆ ಎರಡು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಪೆನ್ನಿನಲ್ಲಿ ತಿದ್ದಿಕೊಂಡೆವು.

ಆಮೇಲೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಇಸವಿ ಪ್ರಕಾರ ಕ್ಲಿಪ್ ಹಾಕಿ ಕಾರ್ಡುಗಳನ್ನು ನೇತುಹಾಕಿದೆವು. ಆಗಲೇ ಆ ಹುಡುಗಿ ಕೇಳಿದ್ದು, “ನಮ್ಮೋರು ಎಲ್ಲಿ ಮಿಸ್?” ನನಗೂ ಅದೇ ಅನ್ನಿಸುತ್ತಿತ್ತು. ಡ್ರಾಯಿಂಗ್ ಶೀಟ್ ಕತ್ತರಿಸಿ ನಾವೇ ಕಾರ್ಡು ಮಾಡಿದೆವು. ಮೊದಲು ಫ್ರಾನ್ಸಿಗೆ, ಆಮೇಲೆ ಇಂಗ್ಲೆಂಡಿಗೆ ರಾಣಿಯಾದ ಎಲಿನೋರ್ ಪಕ್ಕಕ್ಕೆ ಅಕ್ಕಮಹಾದೇವಿ ಬಂದಳು, ಇಬ್ಬರೂ 12ನೇ ಶತಮಾನದವರು. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ ಮೈಕೆಲ್ಯಾಂಜೆಲೊ ರೋಮಿನಲ್ಲಿ ಸಾರುವೆಯ ಮೇಲೆ ನಿಂತು ಸಿಸ್ಟೀನ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದ ಚಾವಣಿಗೆ ಚಿತ್ರ ಬರೆಯುತ್ತಿದ್ದ. 1537ರಲ್ಲಿ ಕೆಂಪೇಗೌಡರು ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದಾಗಲೂ ಅವನು ಅದೇ ಚಾಪೆಲಿನಲ್ಲಿದ್ದ, ಈ ಸಲ ಗೋಡೆಯ ಮುಂದೆ. ದಿನಾ ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆ ಪಕ್ಕದಲ್ಲೇ ಓಡಾಡುವ ಮಕ್ಕಳು ಇವು. ಆ ಎರಡು ಕಾರ್ಡುಗಳ ಮುಂದೆ ಸುಮ್ನೆ ನಿಂತುಬಿಟ್ಟರು.

1564ರ ಹತ್ತಿರ ಜಾಗವೇ ಸಾಲಲಿಲ್ಲ. ಮೈಕೆಲ್ಯಾಂಜೆಲೊ ತೀರಿಕೊಂಡದ್ದು ಆ ವರ್ಷ. ಗೆಲಿಲಿಯೊ, ಷೇಕ್ಸ್‌ಪಿಯರ್ ಹುಟ್ಟಿದ್ದು ಆ ವರ್ಷ. ಪುರಂದರದಾಸರು ಹೋದದ್ದೂ 1564 ಎಂದೇ ನಾವೆಲ್ಲ ಓದಿರುವುದು.

ಮಕ್ಕಳಿದ್ದರೆ ಖಂಡಿತ ಕೊಳ್ಳಿ. ತಯಾರಿಸಿದವರಿಗೆ ಒಂದು ಮಾತು: ಮುಂದಿನ ಸಲ ಜೋನ್‌ಳ ಇಸವಿ ಸರಿ ಮಾಡಿ, ನಮ್ಮವರ ಹನ್ನೆರಡು ಕಾರ್ಡು ಸೇರಿಸಿ. ನೂರು ರೂಪಾಯಿ ಜಾಸ್ತಿಯಾದರೂ ನಾನು ಇನ್ನೊಂದು ಡಬ್ಬಿ ಕೊಳ್ಳುತ್ತೇನೆ.