ಲಸಿಕೆ ಸೀಸೆಯ ಮೇಲಿನ ಪುಟ್ಟ ಚೌಕ: ವಯಲ್ ಮಾನಿಟರ್ ಎಷ್ಟು ನಂಬಿಕಸ್ಥ?

"ಎಲ್ಲೋ ಬಿಸಿಲಲ್ಲಿ ಬಿದ್ದಿದ್ದ ಲಸಿಕೆ ಇರಬೇಕು" ಎಂಬ ಅನುಮಾನಕ್ಕೆ ಸೀಸೆಯ ಮೇಲಿನ ವಯಲ್ ಮಾನಿಟರ್ ಎಂಬ ಈ ಲೇಬಲ್ ಕಣ್ಣೆದುರೇ ಉತ್ತರ ಕೊಡುತ್ತದೆ. 1996ರಲ್ಲಿ ಪೋಲಿಯೊ ಹನಿಯ ಸೀಸೆಗಳ ಮೇಲೆ ಮೊದಲು ಬಂತು. ನೋಡಲು ಒಂದು ಬಣ್ಣದ ವೃತ್ತ, ಅದರೊಳಗೆ ತಿಳಿ ಚೌಕ, ಅಷ್ಟೇ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಮತ್ತೆ ಫ್ರಿಜ್‌ನಲ್ಲಿಟ್ಟರೂ ತಿಳಿಯಾಗದು. ಚೌಕ ವೃತ್ತಕ್ಕಿಂತ ತಿಳಿಯಿದ್ದು, ಅವಧಿ ಮುಗಿದಿರದಿದ್ದರೆ ಬಳಸಬಹುದು. ಎರಡೂ ಒಂದೇ ಬಣ್ಣವಾಯಿತೋ, ಸೀಸೆ ಕಸಕ್ಕೆ.

ದೊಡ್ಡ ಕೊರತೆಯೆಂದರೆ, ಇದು ಶಾಖವನ್ನಷ್ಟೇ ಹಿಡಿಯುತ್ತದೆ. ಹೆಪಟೈಟಿಸ್ ಬಿ ಲಸಿಕೆ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯಂಥ ಲಸಿಕೆಗಳು ಹೆಪ್ಪುಗಟ್ಟಿದರೂ ಹಾಳಾಗುತ್ತವೆ. ಆಗಲೂ ಚೌಕ ತಿಳಿಯಾಗಿಯೇ ನಗುತ್ತಿರುತ್ತದೆ! ಅದಕ್ಕೆ ಅಲುಗಾಡಿಸುವ ಪರೀಕ್ಷೆಯೇ ಬೇಕು: ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಸೀಸೆಯ ಜೊತೆಗೆ ಅಲುಗಾಡಿಸಿ ಪಕ್ಕಪಕ್ಕ ಇಡಿ. ಎರಡರ ಗಷ್ಟೂ ಒಂದೇ ವೇಗದಲ್ಲಿ ತಳ ಸೇರಿದರೆ ಎಸೆಯಿರಿ.

ಆದರೆ ಅಪನಂಬಿಕೆಯ ಬೇರು ಸೀಸೆಯಲ್ಲಿ ಮಾತ್ರ ಇಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ 2010ರಲ್ಲಿ ಹಿಂಪಡೆಯಿತು. ಭಯ ಮಾತ್ರ ಹಿಂದೆ ಸರಿಯಲಿಲ್ಲ. ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ ಬರಬಹುದೆಂದು ಮೊದಲೇ ಹೇಳದಿದ್ದರೆ, ಆ ಜ್ವರವೇ ಓಣಿಯಲ್ಲಿ ಸುದ್ದಿಯಾಗುತ್ತದೆ. ಇಂಥದ್ದಕ್ಕೆ ಯಾವ ಚೌಕವೂ ಉತ್ತರಿಸದು. ಆದರೆ ಸೀಸೆಗೆ ಶಾಖ ತಾಗಿದೆಯೇ ಎಂಬ ಅನುಮಾನವನ್ನಾದರೂ ಕಳೆಯಬಹುದು: ಸಿರಿಂಜ್ ತುಂಬುವ ಮೊದಲು ಸೀಸೆಯನ್ನು ತಾಯಿಯ ಕಡೆ ತಿರುಗಿಸಿ ಚೌಕ ತೋರಿಸಲು ಹತ್ತು ಸೆಕೆಂಡ್ ಸಾಕು.