ಸೇರಿಸಿಕೊಳ್ಳುವಾಗ ಐದು ಸ್ಟಾರ್, ಕಳಿಸಿಕೊಡುವಾಗ ಎರಡು

ವಿದೇಶದಲ್ಲಿ ಸ್ವಯಂಸೇವೆಗೆ ಜಾಗ ಹುಡುಕಿಕೊಡುವ ಸಂಸ್ಥೆಯೊಂದರ ಮೂಲಕ ಹೋಗಿ, ಸುಮಾರು ಒಂದು ವರ್ಷ ಇದ್ದು ಬಂದೆ. ಸಂಸ್ಥೆಯ ಹೆಸರು ಬೇಡ. ಇಂಥ ಸೇವೆಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಹೋದ ಹೊಸತರಲ್ಲಿ ಬರೆದವು. ಆಗ ಎಲ್ಲವೂ ಚೆಂದವೇ. ನಾನು ಬರೆಯುತ್ತಿರುವುದು ಕೊನೆಯ ವಾರಗಳ ಬಗ್ಗೆ, ಯಾಕೆಂದರೆ ಸಂಸ್ಥೆಯ ಬಂಡವಾಳ ಗೊತ್ತಾಗುವುದು ಅಲ್ಲೇ.

ಶುರುವಿನಲ್ಲಿ ದೂರುವುದಕ್ಕೆ ಏನೂ ಇರಲಿಲ್ಲ. ಸಂದರ್ಶನ, ಪೊಲೀಸ್ ಪ್ರಮಾಣಪತ್ರ, ಲಸಿಕೆ, ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋಗುವುದು, ತರಬೇತಿ, ರೂಮು, ಎಲ್ಲಾ ಹೇಳಿದ ಹಾಗೇ ನಡೆಯಿತು. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ನೋಡದೆ ಕಳಿಸುವ ಏಜೆನ್ಸಿಗಳೂ ಇವೆ. ಇವರು ಹಾಗೆ ಮಾಡಲಿಲ್ಲ, ಅದಕ್ಕೆ ಪೂರ್ತಿ ಅಂಕ.

ನನ್ನ ಕೆಲಸ ಒಂದು ಸಣ್ಣ ಸಮುದಾಯ ಗ್ರಂಥಾಲಯದಲ್ಲಿ. ಸಂಜೆ ಮಕ್ಕಳಿಗೆ ಓದಿಸುವುದು, ಪುಸ್ತಕದ ಲೆಕ್ಕ ಇಡುವುದು. ಹೊರಡುವ ದಿನ ಹತ್ತಿರ ಬಂದಾಗ ಸಂಸ್ಥೆಯಿಂದ ಬಂದಿದ್ದೆಲ್ಲ 'ಫೀಡ್‌ಬ್ಯಾಕ್ ಫಾರಂ ತುಂಬಿ', 'ನಗುತ್ತಿರುವ ಫೋಟೊ ಕಳಿಸಿ' ಅನ್ನುವ ಮೇಲ್‌ಗಳು. ಕೆಲಸವನ್ನು ಯಾರಿಗೆ ಒಪ್ಪಿಸಬೇಕು, ಹೇಗೆ ಒಪ್ಪಿಸಬೇಕು ಎಂಬ ಮಾತೇ ಇಲ್ಲ.

ಒಂದು ಉದಾಹರಣೆ ಹೇಳಿದರೆ ಸಮಸ್ಯೆ ಏನೆಂದು ಗೊತ್ತಾಗುತ್ತದೆ. ಪುಸ್ತಕಗಳ ಪಟ್ಟಿ ಇದ್ದಿದ್ದು ಒಂದು ಗೂಗಲ್ ಶೀಟ್‌ನಲ್ಲಿ. ಆ ಶೀಟ್ ಇದ್ದಿದ್ದು ನನಗಿಂತ ತುಂಬಾ ಹಿಂದೆ ಬಂದುಹೋದ ಸ್ವಯಂಸೇವಕರೊಬ್ಬರ ಸ್ವಂತ ಖಾತೆಯಲ್ಲಿ! ಅವರು ಖಾತೆ ಮುಚ್ಚಿದರೆ ಪಟ್ಟಿಯೂ ಹೋಯಿತು. ಗ್ರಂಥಾಲಯ ನೋಡಿಕೊಳ್ಳುವ ಅಲ್ಲಿನ ಮಹಿಳೆ ಮಾತ್ರ ಇದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಅವರ ಬಳಿ ದಪ್ಪ ರಟ್ಟಿನ ನೋಟ್‌ಬುಕ್ ಇತ್ತು. ಮಗುವಿನ ಹೆಸರು, ಪುಸ್ತಕದ ನಂಬರು, ತಾರೀಖು. ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಗುರುತು. ಗೀಟು ಎಳೆದಿದ್ದರೆ ಮಗು ಪೂರ್ತಿ ಓದಿದೆ, ಸೊನ್ನೆ ಇದ್ದರೆ ಬರೀ ಚಿತ್ರ ನೋಡಿ ವಾಪಸ್ ಕೊಟ್ಟಿದೆ. ಶೀಟ್‌ನಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ. ಕೊನೆಯ ವಾರಗಳಲ್ಲಿ ನಾವಿಬ್ಬರೂ ಕೂತು ಶೀಟ್‌ನಲ್ಲಿದ್ದ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿದೆವು. ಇಡೀ ವರ್ಷದಲ್ಲಿ ನಾನು ಮಾಡಿದ್ದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಇದೇ ಅನ್ನಿಸುತ್ತದೆ. ಸಂಸ್ಥೆಯ ಪಾತ್ರ ಇದರಲ್ಲಿ ಸೊನ್ನೆ.

ವಿದಾಯ ಕಾರ್ಯಕ್ರಮಕ್ಕೆ ಮಾತ್ರ ಬ್ಯಾನರ್ ಬಂತು. ಮಕ್ಕಳ ಮುಂದೆ ನಿಂತು 'ಮತ್ತೆ ಬರ್ತೀನಿ' ಅನ್ನುವುದು ಅಲ್ಲಿ ವಾಡಿಕೆ. ನಾನು ಹೇಳಲಿಲ್ಲ. ಹೊಸಬರು ಬಂದ ದಿನವೇ ಅಲ್ಲಿನ ದೊಡ್ಡ ಹುಡುಗಿಯರು ಕೇಳುವ ಮೊದಲ ಪ್ರಶ್ನೆ 'ನೀವು ಎಷ್ಟು ದಿನ ಇರ್ತೀರಿ?'. ಅದನ್ನು ಕೇಳಿಸಿಕೊಂಡ ಮೇಲೂ ಸುಮ್ನೆ ಮಾತು ಕೊಟ್ಟು ಬರುವುದು ತಪ್ಪು, ಅಲ್ವಾ? ತರಬೇತಿಯಲ್ಲಿ ಹೇಳಿಕೊಡಬೇಕಾದ ವಿಷಯ ಇದು.

ಇನ್ನು ಆರೋಗ್ಯ. ನಾನಿದ್ದದ್ದು ಮಲೇರಿಯಾ ಇರುವ ಪ್ರದೇಶ. ಅದು ಬಾರದಂತೆ ತಗೊಳ್ಳುವ ಮಾತ್ರೆ ಯಾವಾಗ ಶುರು ಮಾಡಬೇಕು ಎಂದು ಹೋಗುವ ಮೊದಲು ಚೆನ್ನಾಗಿ ಹೇಳಿದ್ದರು. ಯಾವಾಗ ನಿಲ್ಲಿಸಬೇಕು ಅನ್ನುವುದು ಎಲ್ಲೂ ಇರಲಿಲ್ಲ. ಡಾಕ್ಸಿಸೈಕ್ಲಿನ್ ಆದರೆ ಆ ಪ್ರದೇಶ ಬಿಟ್ಟ ಮೇಲೂ 4 ವಾರ ತಗೊಳ್ಳಬೇಕು, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ. ರೋಗಾಣು ಮೊದಲು ಪಿತ್ತಜನಕಾಂಗದಲ್ಲಿ ಅಡಗಿ ಕೂತು ಆಮೇಲೆ ರಕ್ತಕ್ಕೆ ಬರುವುದರಿಂದ ಹೀಗೆ. ವಿಮಾನ ಹತ್ತಿದ ದಿನವೇ ಮಾತ್ರೆ ಬಿಸಾಡಿದವರನ್ನು ನೋಡಿದ್ದೇನೆ. ವಾಪಸ್ ಬಂದ ಮೇಲೆ ತಿಂಗಳುಗಳು ಕಳೆದು ಜ್ವರ ಬಂದರೂ, ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ಹೇಳಿ. ವಿಮೆಯೂ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತಿತ್ತು. ಉಳಿದ ದಿನಗಳಿಗೆ ನಾನೇ ಬೇರೆ ವಿಮೆ ಮಾಡಿಸಿದೆ.

ಟಿಕೆಟ್ ಕಥೆ ಚಿಕ್ಕದು. ವೀಸಾ ಮುಗಿದ ಮಾರನೇ ದಿನಕ್ಕೆ ಬುಕ್ ಮಾಡಿದ್ದರು. ಬೆನ್ನು ಬಿದ್ದ ಮೇಲೆ ಬದಲಾಯಿಸಿದರು.

ನಾನು ಜಾಸ್ತಿ ಕೇಳುತ್ತಿದ್ದೇನಾ? ಇಲ್ಲ. ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸಲು 1961ರಲ್ಲಿ ಶುರುವಾದ ಅಮೆರಿಕ ಸರ್ಕಾರದ ಪೀಸ್ ಕೋರ್‌ನಲ್ಲಿ ಸೇವೆ ಮುಗಿಯುವ ಕೆಲವು ತಿಂಗಳ ಮೊದಲೇ ಎಲ್ಲರನ್ನೂ ಕೂರಿಸಿ ಹೊರಡುವ ತಯಾರಿಯ ಬಗ್ಗೆ ಮಾತಾಡುತ್ತಾರೆ, ವೈದ್ಯಕೀಯ ತಪಾಸಣೆ ಮಾಡುತ್ತಾರೆ, ಊರಲ್ಲಿ ಮತ್ತೆ ನೆಲೆ ನಿಲ್ಲಲು ಒಂದಷ್ಟು ಹಣ ಕೊಡುತ್ತಾರೆ. ಅದು ಸರ್ಕಾರದ ದುಡ್ಡು, ಸರಿ. ಆದರೆ ಕೂರಿಸಿ ಮಾತಾಡಲು ಎಷ್ಟು ಖರ್ಚಾದೀತು? ಹೊರದೇಶದಲ್ಲಿ ಇದ್ದವರು ವಾಪಸ್ ಬಂದ ಮೇಲೂ ಮತ್ತೊಮ್ಮೆ ಕುಗ್ಗುತ್ತಾರೆ ಎಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ನಮ್ಮ ಸಂಸ್ಥೆ ಈ ವಿಷಯಕ್ಕೆ ಕೊಟ್ಟಿದ್ದು ಎರಡು ಪುಟದ ಪಿಡಿಎಫ್. ಅದರಲ್ಲಿ ಒಂದು ಪುಟ ಪೂರ್ತಿ 'ಸ್ನೇಹಿತರಿಗೂ ನಮ್ಮ ಬಗ್ಗೆ ಹೇಳಿ'. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರಲ್ಲ, ಇಲ್ಲಿ ಅಂಬಿಗನೇ ನಮ್ಮನ್ನು ಮರೆತ.

ಸೇರಬೇಕು ಅಂತಿದ್ದರೆ ಸೇರಿ, ಕೆಲಸ ಒಳ್ಳೆಯದೇ. ಅರ್ಜಿ ಹಾಕುವ ಮೊದಲು ಮೂರು ವಿಷಯ ಬರಹದಲ್ಲಿ ಕೇಳಿ: ವಿಮೆ ಯಾವ ದಿನದವರೆಗೆ, ನಿಮ್ಮ ಕೆಲಸ ಮುಂದೆ ಯಾರ ಕೈಗೆ, ಸಂಸ್ಥೆಗೆ ಕಟ್ಟಿದ ಠೇವಣಿ ಯಾವಾಗ ವಾಪಸ್. ಠೇವಣಿಯನ್ನು ಅಲ್ಲಿನ ಬ್ಯಾಂಕ್ ಖಾತೆಗೇ ಹಾಕುತ್ತೇವೆ ಎಂದರೆ ಖಾತೆಯನ್ನೂ ಅಲ್ಲಿನ ಸಿಮ್ಮನ್ನೂ ಬೇಗ ಮುಚ್ಚಬೇಡಿ, ಒಟಿಪಿ ಅದಕ್ಕೇ ಬರುತ್ತದೆ. ನನ್ನ ಠೇವಣಿ ತಡವಾಗಿಯಾದರೂ ಬಂತು. ಸರ್ಟಿಫಿಕೇಟ್‌ನಲ್ಲಿ 'ಗ್ರಂಥಾಲಯ' ಇರಬೇಕಾದ ಕಡೆ 'ಕ್ರೀಡೆ' ಎಂದು ಬಂದಿದೆ. ತಿದ್ದಿ ಕೊಡಿ ಎಂದು ಬರೆದ ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ.